ಪದಚರ್ಚೆ: ಬೇಸ್‌ಗೆ ‘ಮ್ಯಾಚಿಂಗ್’ ಆಂಪ್ ಎಂದರೆ ಸಮವೋ, ತಕ್ಕದ್ದೋ?

ಪ್ರಶ್ನೆ:

ಸಂಘ-ಸಮಿತಿಯವರು ಹೊತ್ತೊಯ್ದು ಹಾಕುವ ಸಣ್ಣ ಸೌಂಡ್ ಸಿಸ್ಟಂಗೆ ಸಬ್‌ವೂಫರ್ (ಅಂಗಡಿ ಮಾತಿನ ‘ಬೇಸ್’, ತಗ್ಗು ಸದ್ದಿನ ಬಾಕ್ಸ್) ಸೇರಿಸುವ ಬಗ್ಗೆ ಒಂದು ಕೈಪಿಡಿ ಕನ್ನಡದಲ್ಲಿ ತಯಾರಾಗುತ್ತಿದೆ. ‘ಮ್ಯಾಚಿಂಗ್ ಆಂಪ್ಲಿಫೈಯರ್’ ಬಂದ ಕಡೆ ಕರಡಿನಲ್ಲಿ ಹೀಗಿದೆ: “ವರ್ಧಕದ ಪ್ರತಿಬಾಧೆಯೂ ವಾಟ್ಸೂ ಧ್ವನಿವರ್ಧಕದ್ದಕ್ಕೆ ಸಮನಾಗಿರಬೇಕು.” (ಪ್ರತಿಬಾಧೆ ಎಂದರೆ ಇಂಪೀಡೆನ್ಸ್, ಓಮ್ಸ್‌ನಲ್ಲಿ ಅಳೆಯುವ ತಡೆ.) ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೂ ‘ಓಮ್ಸ್ ಮ್ಯಾಚ್ ಆಗ್ಬೇಕು ಸಾರ್’ ಎಂದೇ ಹೇಳುತ್ತಾರೆ. ‘ಸಮ’ ಸರಿಯೇ? ‘ವರ್ಧಕ’, ‘ಧ್ವನಿವರ್ಧಕ’ ಒಂದೇ ಸಾಲಿನಲ್ಲಿ ಬಂದರೆ ಓದುವವರಿಗೆ ಗೊಂದಲವಾಗದೆ? ‘ಪ್ರೋಗ್ರಾಂ ಪವರ್’ಗೆ ‘ಕಾರ್ಯಕ್ರಮ ಶಕ್ತಿ’ ಎಂದು ಬರೆದಿದ್ದಾರೆ, ಓದಿದರೆ ನಗು ಬರುತ್ತದೆ.

ಉತ್ತರ:

‘ಸಮ’ವನ್ನು ಮೊದಲು ತೆಗೆಯಿರಿ. ಆ ವಾಕ್ಯ ನಂಬಿ ಆಂಪ್ ಕೊಂಡವರ ದುಡ್ಡು ಹೋಗುತ್ತದೆ.

ಹಾರ್ನ್ ಕಟ್ಟುವ ಹಳೆಯ ಮೈಕ್‌ಸೆಟ್ಟಿಗೆ ಆ ಮಾತು ಒಪ್ಪುತ್ತದೆ. ಆ ಆಂಪ್‌ನ ಹಿಂದೆ 4, 8, 16 ಓಮ್ಸ್, 100 ವೋಲ್ಟ್ ಎಂದು ಬೇರೆ ಬೇರೆ ತಿರುಪು ಇರುತ್ತವೆ. ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ 8ರ ತಿರುಪಿಗೆ 8 ಓಮ್ಸ್ ಲೋಡೇ ಕೊಡಬೇಕು. 100 ವೋಲ್ಟ್ ಲೈನಿನಲ್ಲಾದರೆ ಹಾರ್ನ್‌ಗಳ ವಾಟ್ಸ್ ಕೂಡಿಸಿ, ಮೊತ್ತ ಆಂಪ್‌ನ ವಾಟ್ಸ್ ಮೀರದಂತೆ ನೋಡಿಕೊಳ್ಳಬೇಕು. ಅಲ್ಲಿ ಬಳಸುವ ಲೈನ್ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್‌ನ ಹೆಸರಿನಲ್ಲೇ ಮ್ಯಾಚಿಂಗ್ ಇದೆ.

ಬೇಸ್ ಓಡಿಸುವ ಈಗಿನ ಪವರ್ ಆಂಪ್ ಹಾಗಲ್ಲ. ಅದರ ಸ್ವಂತ ಔಟ್‌ಪುಟ್ ಇಂಪೀಡೆನ್ಸ್ ಒಂದು ಓಮ್‌ನ ಸಣ್ಣ ಚೂರು. ಅದು 8 ಆಗಿದ್ದರೆ ಅರ್ಧ ಪವರ್ ಆಂಪ್‌ನೊಳಗೇ ಬಿಸಿಯಾಗಿ ಹೋಗುತ್ತಿತ್ತು. ಬಾಕ್ಸಿನ ಮೇಲಿರುವ 8 ಕೂಡ ಒಂದೇ ಕಡೆ ನಿಲ್ಲುವ ಅಂಕಿಯಲ್ಲ, ಫ್ರೀಕ್ವೆನ್ಸಿಗೆ ತಕ್ಕಂತೆ ಏರಿಳಿಯುತ್ತದೆ. ಮಲ್ಟಿಮೀಟರ್ ಇಟ್ಟರೆ 5.5ರಿಂದ 6.5ರ ಆಸುಪಾಸು ತೋರಿಸುತ್ತದೆ, ಸ್ಪೀಕರ್ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ. ನೋಡಬೇಕಾದದ್ದು ಇಷ್ಟು: ಎಷ್ಟು ಓಮ್ಸ್‌ವರೆಗೆ ಇಳಿದರೆ ಆಂಪ್ ತಡೆದುಕೊಳ್ಳುತ್ತದೆ, ಆ ಓಮ್ಸ್‌ಗೆ ಅದು ಎಷ್ಟು ವಾಟ್ಸ್ ಕೊಡುತ್ತದೆ. ಇದಕ್ಕೆ ಕನ್ನಡದಲ್ಲಿ ‘ತಕ್ಕ’ ಎಂಬ ಮಾತು ಸಿದ್ಧವಾಗಿಯೇ ಇದೆ. ‘ಬೇಸ್‌ಗೆ ತಕ್ಕ ಆಂಪ್’ ಎನ್ನಿ. ‘ಹೊಂದಾಣಿಕೆ’ ಎಂದರೆ ಎರಡೂ ಕಡೆಯವರು ಸ್ವಲ್ಪ ಬಗ್ಗುವ ಭಾವ ಬರುತ್ತದೆ. ಇಲ್ಲಿ ಬಗ್ಗುವವರು ಯಾರೂ ಇಲ್ಲ.

ವಾಟ್ಸ್ ವಿಷಯಕ್ಕೆ ಒಂದು ಉದಾಹರಣೆ ಹಾಕಿ. 18 ಇಂಚಿನ ಬೇಸ್, 8 ಓಮ್ಸ್, ಕಂಟಿನ್ಯೂಯಸ್ (ಬಿಡದೆ ಓಡಿದರೂ ತಡೆದುಕೊಳ್ಳುವ) 600 ವಾಟ್ಸ್. ಹಾಡಿನಂತೆ ಏರಿಳಿಯುವ ಸದ್ದಿಗೆ ಕೊಡುವ ಪ್ರೋಗ್ರಾಂ ಅಂಕಿ ಸಾಮಾನ್ಯವಾಗಿ ಎರಡರಷ್ಟು, 1200. ಪೀಕ್ ನಾಲ್ಕರಷ್ಟು, 2400. ಅಂಗಡಿಯ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಹೆಚ್ಚಾಗಿ ಕೊನೆಯದೇ, ಆಂಪ್ ಆರಿಸಲು ಅದರಿಂದ ಪ್ರಯೋಜನವಿಲ್ಲ. ಲಿಮಿಟರ್ (ಸಿಗ್ನಲ್ ಒಂದು ಮಿತಿ ದಾಟದಂತೆ ಹಿಡಿಯುವ ಸಾಧನ) ಸೆಟ್ ಮಾಡಲು ಬರುವವರಿಗೆ 8 ಓಮ್ಸ್‌ಗೆ ಚಾನಲ್‌ಗೆ 1000–1200 ವಾಟ್ಸ್ ಕೊಡುವ ಆಂಪ್ ತಕ್ಕದ್ದು. ದಿನಕ್ಕೊಬ್ಬರ ಕೈಗೆ ಹೋಗುವ ಸಮಿತಿಯ ಸೆಟ್ಟಿಗೆ 600–800 ಸಾಕು. 600 ವಾಟ್ಸ್‌ಗೆ 8 ಓಮ್ಸ್‌ನಲ್ಲಿ 69 ವೋಲ್ಟ್. ಆರ್‌ಎಂಎಸ್ ಲಿಮಿಟರ್ ಇಡಬೇಕಾದದ್ದು ಅಲ್ಲಿ. ಸಣ್ಣ ಆಂಪ್ ಇದ್ದರೆ ಸ್ಪೀಕರಿನ ಕಾಯಿಲ್ ಸುಡುವುದಿಲ್ಲ ಎಂಬ ನಂಬಿಕೆಯನ್ನೂ ತಿದ್ದಿ. ಕೆಂಪು ದೀಪ ಆರದಂತೆ ಕ್ಲಿಪ್ ಮಾಡಿ (ಆಂಪ್‌ನ ಮಿತಿ ಮೀರಿಸಿ, ಅಲೆಯ ತುದಿ ಕತ್ತರಿಸುವಂತೆ) ಓಡಿಸಿದರೆ 500 ವಾಟ್ಸ್ ಆಂಪ್ ಸಾವಿರದ ಹತ್ತಿರ ಹೋಗಬಲ್ಲದು, ಕಾಯಿಲ್‌ಗೆ ಆರಲು ಬಿಡುವೇ ಸಿಗದು.

ಹೆಚ್ಚು ಅನಾಹುತವಾಗುವುದು ಬ್ರಿಡ್ಜ್‌ನಲ್ಲಿ, ಅಂದರೆ ಆಂಪ್‌ನ ಎರಡು ಚಾನಲ್ ಸೇರಿಸಿ ಒಂದೇ ಲೋಡ್ ಓಡಿಸುವಾಗ. 8 ಓಮ್ಸ್‌ನ ಎರಡು ಬೇಸ್ ಪ್ಯಾರಲೆಲ್ ಕಟ್ಟಿದರೆ 4 ಆಗುತ್ತದೆ, ಒಂದು ಚಾನಲ್‌ಗೆ ಅಷ್ಟನ್ನು ಕೊಟ್ಟರೆ ಬಹುತೇಕ ಆಂಪ್‌ಗಳು ತಡೆದುಕೊಳ್ಳುತ್ತವೆ. ಅದೇ 4ನ್ನು ಬ್ರಿಡ್ಜ್‌ಗೆ ಕೊಟ್ಟರೆ ಪ್ರತಿ ಚಾನಲ್‌ಗೂ ಕಾಣುವುದು 2 ಓಮ್ಸ್. ಮೊದಲ ಹಾಡಿಗೆ ಏನೂ ಆಗದೇ ಇರಬಹುದು. ಬಿಸಿಯೇರಿದ ಮೇಲೆ ಆಂಪ್‌ನ ರಕ್ಷಣಾ ಸರ್ಕ್ಯೂಟ್ (ಪ್ರೊಟೆಕ್ಟ್) ಬಿದ್ದು ಬೇಸ್ ನಿಲ್ಲುತ್ತದೆ, ಇಲ್ಲವೇ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗುತ್ತದೆ. ‘ಬ್ರಿಡ್ಜ್’ಗೆ ‘ಸೇತುವೆ’ ಎಂದು ಬರೆಯಬೇಡಿ. ‘ಬ್ರಿಡ್ಜ್ ಮಾಡಿದಾಗ ಪ್ರತಿ ಚಾನಲ್‌ಗೂ ಅರ್ಧ ಓಮ್ಸ್ ಮಾತ್ರ ಕಾಣುತ್ತದೆ’ ಎಂದು ಬಿಡಿಸಿ ಹೇಳಿ, ದಪ್ಪಕ್ಷರದಲ್ಲಿ.

ಆನ್ ಮಾಡುವ ಮೊದಲಿನ ಪರೀಕ್ಷೆಯೊಂದನ್ನು ಸೇರಿಸಿ. ಕೇಬಲ್ಲನ್ನು ಆಂಪ್‌ನಿಂದ ಕಳಚಿ, ಅದರ ಸ್ಪೀಕಾನ್ (ಸ್ಪೀಕರ್ ಕೇಬಲ್ಲಿನ ಪ್ಲಗ್) ತುದಿಯಲ್ಲಿ ಮೀಟರ್ ಇಡಬೇಕು. ಪ್ಯಾರಲೆಲ್‌ನಲ್ಲಿರುವ ಜೋಡಿ 3ರ ಹತ್ತಿರ ತೋರಿಸಬೇಕು. 6 ತೋರಿಸಿದರೆ ಒಂದು ಬಾಕ್ಸ್ ಸೇರಿಯೇ ಇಲ್ಲ, 12 ತೋರಿಸಿದರೆ ಸೀರೀಸ್ ಆಗಿದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್, ಸ್ವಿಚ್ ಮುಟ್ಟಬಾರದು.

‘ಪ್ರೋಗ್ರಾಂ’, ‘ಪೀಕ್’ ಹಾಗೇ ಇರಲಿ, ಕೊಳ್ಳುವವರು ಬಾಕ್ಸಿನ ಮೇಲೆ ಹುಡುಕುವುದು ಅವನ್ನೇ. ‘ಧ್ವನಿವರ್ಧಕ’ ಎಂಬ ಪದವನ್ನು ಆಂಪ್‌ಗೆ ಬಳಸಬೇಡಿ: ಪತ್ರಿಕೆಯಲ್ಲೂ ಪೊಲೀಸ್ ಅನುಮತಿಯ ಮಾತಿನಲ್ಲೂ ಅದು ಸ್ಪೀಕರಿಗೇ ನಿಂತಿದೆ. ಆಂಪ್, ಸ್ಪೀಕರ್, ಬೇಸ್, ಟಾಪ್ (ಬೇಸ್‌ಗಿಂತ ಮೇಲಿನ ಸದ್ದಿನ ಬಾಕ್ಸ್) ಸಾಕು.

ಇನ್ನೊಂದು ಉತ್ತರ:

‘ತಕ್ಕ’ಕ್ಕೆ ನನ್ನ ಮತವೂ ಇದೆ. ಕರಡಿನ ‘ಹಂತ’ ಎರಡು ಅರ್ಥದಲ್ಲಿ ಬಂದಿದೆ, ಒಮ್ಮೆ ಕೆಲಸದ ಹಂತ, ಒಮ್ಮೆ ಫೇಸ್ (ಎರಡು ಸ್ಪೀಕರ್‌ಗಳ ಅಲೆ ಜೊತೆಗೆ ಏರಿಳಿಯುತ್ತದೆಯೇ ಎಂಬುದು). ಫೇಸ್‌ಗೆ ಫೇಸ್ ಎಂದೇ ಹಾಕಿ. ಕ್ರಾಸ್‌ಓವರ್ (ಬೇಸ್, ಟಾಪ್‌ಗಳಿಗೆ ಸದ್ದು ಹಂಚುವ ಅಂಕಿ) 80ರಿಂದ 100 ಹರ್ಟ್ಸ್‌ನ ನಡುವೆ ಇಟ್ಟು, ಟಾಪ್‌ಗೂ ಅದೇ ಅಂಕಿಯ ಹೈಪಾಸ್ (ಅದರ ಕೆಳಗಿನದನ್ನು ತಡೆಯುವ ಫಿಲ್ಟರ್) ಹಾಕಿ, ಬೇಸ್‌ನ ಫೇಸ್ ಸ್ವಿಚ್ ಎರಡೂ ಕಡೆ ತಿರುಗಿಸಿ ಕೇಳಬೇಕು. ಆ ಅಂಕಿಯ ಹತ್ತಿರ ಯಾವ ಕಡೆಗೆ ಸದ್ದು ತುಂಬಿ ಬರುತ್ತದೋ ಅದೇ ಸರಿ. ಪೋರ್ಟ್ ಇರುವ ಬಾಕ್ಸಿಗೆ 30–35 ಹರ್ಟ್ಸ್‌ನ ಕೆಳಗಿನದನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಬೇಕೇ ಬೇಕು. ಪೋರ್ಟಿನ ಟ್ಯೂನಿಂಗ್‌ಗಿಂತ ಕೆಳಗೆ ಕೋನ್‌ಗೆ ಗಾಳಿಯ ತಡೆ ಸಿಗುವುದಿಲ್ಲ. ಫಿಲ್ಟರ್ ಇಲ್ಲದಿದ್ದರೆ, ಸದ್ದು ಹೆಚ್ಚು ಬರದೆಯೇ ಕೋನ್ ಮಿತಿ ಮೀರಿ ಹೊಡೆದು ಹರಿಯುತ್ತದೆ.

ಕರಡಿನ ವಾಕ್ಯವನ್ನು ಹೀಗೆ ತಿದ್ದಬಹುದು: “ಬೇಸ್‌ಗಳನ್ನು ಕಟ್ಟಿದ ಮೇಲೆ ಬರುವ ಓಮ್ಸ್ ಆಂಪ್‌ನ ಕನಿಷ್ಠ ಓಮ್ಸ್‌ಗಿಂತ ಕಡಿಮೆ ಆಗಬಾರದು. ಆ ಓಮ್ಸ್‌ನಲ್ಲಿ ಆಂಪ್ ಕೊಡುವ ವಾಟ್ಸ್, ಬೇಸ್‌ಗಳ ಒಟ್ಟು ಕಂಟಿನ್ಯೂಯಸ್‌ಗಿಂತ ಕಡಿಮೆ ಇರಬಾರದು, ಒಟ್ಟು ಪ್ರೋಗ್ರಾಂ ಮೀರಬಾರದು.”