ಇಂಕೊನೆಲ್ ಟರ್ನಿಂಗ್‌ಗೆ ಲೇಸರ್ ಕಾವು: ಸಣ್ಣ ವರ್ಕ್‌ಶಾಪ್‌ಗೆ ಒಗ್ಗುತ್ತದೆಯೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್, ಎರಡು ಸಿಎನ್‌ಸಿ ಲೇತ್. ಇಂಕೊನೆಲ್ 718 ಎಂಬ ಗಟ್ಟಿ ನಿಕಲ್ ಮಿಶ್ರಲೋಹದ ಉಂಗುರಗಳ ಜಾಬ್ ಬಂದಿದೆ. ಟೂಲ್‌ನ ತುದಿಗೆ ಕಾರ್ಬೈಡ್ ಇನ್ಸರ್ಟ್ (ಬದಲಿಸಬಹುದಾದ ಕಡಿಯುವ ಬಿಲ್ಲೆ) ಹಾಕಿ, ನಿಮಿಷಕ್ಕೆ 40 ಮೀಟರ್ ವೇಗದಲ್ಲಿ, ಕೂಲೆಂಟ್ ಧಾರಾಳವಾಗಿ ಬಿಟ್ಟರೂ ಮೂರು ಉಂಗುರಕ್ಕೆ ಒಂದು ಅಂಚು ಹೋಗುತ್ತಿದೆ. ಟೂಲ್‌ನ ಮುಂದೆ ಲೇಸರ್‌ನಿಂದ ಕಾಯಿಸಿದರೆ ಸಲೀಸಾಗುತ್ತದೆ ಎಂದು ಒಬ್ಬರು ಹೇಳಿದರು. ನಿಜವೇ ಸರ್? ಹಾಕಿದ ದುಡ್ಡು ಹುಟ್ಟುತ್ತದೆಯೇ?

ಉತ್ತರ: ನಿಜ. ಕಮ್ಮಾರನು ಕುಲುಮೆಯಲ್ಲಿ ಇಡೀ ತುಂಡನ್ನು ಕಾಯಿಸುತ್ತಾನೆ. ಲೇಸರ್ ಕಾಯಿಸುವುದು ಟೂಲ್ ಈಗ ತೆಗೆಯಲಿರುವ ತೆಳು ಪದರವನ್ನು ಮಾತ್ರ. ಸುಮಾರು 650 ಡಿಗ್ರಿ ಸೆಲ್ಸಿಯಸ್‌ವರೆಗೆ 718 ತನ್ನ ಬಲ ಬಿಟ್ಟುಕೊಡುವುದಿಲ್ಲ. ಜೆಟ್ ಎಂಜಿನ್‌ಗೆ ಅದು ಬೇಕಾಗುವುದೇ ಈ ಗುಣಕ್ಕಾಗಿ. ಅದರಾಚೆ ಬಲ ಕಡಿದಾಗಿ ಇಳಿಯುತ್ತದೆ. ಇದು ಶಾಖವನ್ನು ಬೇಗ ಹರಿಯಗೊಡದ ಲೋಹವಾದ್ದರಿಂದ ಕಾವು ಒಳಗಿಳಿಯುವ ಮೊದಲೇ ಟೂಲ್ ಬಂದು ಆ ಪದರವನ್ನು ತೆಗೆಯುತ್ತದೆ. ಬಿಸಿಯ ಬಹುಪಾಲು ಚಿಪ್ (ಕಡಿದು ಬರುವ ಲೋಹದ ಸುರುಳಿ) ಜೊತೆಗೇ ಹೋಗುತ್ತದೆ.

ಕಷ್ಟವಿರುವುದು ಹೊಂದಾಣಿಕೆಯಲ್ಲಿ. ಕಿರಣ ಬೀಳುವ ಜಾಗ, ಅದರ ಅಗಲ, ಟೂಲ್‌ಗೂ ಅದಕ್ಕೂ ಇರುವ ಅಂತರ, ಫೀಡ್ (ಟೂಲ್ ಮುಂದೆ ಸರಿಯುವ ಪ್ರಮಾಣ) ಇವೆಲ್ಲ ಒಂದಕ್ಕೊಂದು ಕೂಡಿಬರಬೇಕು. ಕಾವು ಕಟ್‌ನ ಆಳಕ್ಕಿಂತ ಕೆಳಗೆ ಇಳಿದರೆ ಉಳಿಯುವ ಮೇಲ್ಮೈಯ ಗುಣವೇ ಬದಲಾಗಬಹುದು. ನಿಮ್ಮ ಉಂಗುರಗಳು ವಿಮಾನಕ್ಕೆ ಹೋಗುವಂಥವಾದರೆ, ಗ್ರಾಹಕರು ಒಪ್ಪಿರುವ ಪ್ರಕ್ರಿಯೆಯನ್ನು ನೀವಾಗಿ ಬದಲಿಸುವಂತೆಯೂ ಇಲ್ಲ. ಹಾಗಾಗಿ ಈ ಹಂತದಲ್ಲಿ ಲೇಸರ್ ಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಮೊದಲು ಸವೆದ ಇನ್ಸರ್ಟ್ ಒಂದನ್ನು ಭೂತಗನ್ನಡಿಯಲ್ಲಿ ನೋಡಿ. ಮೂತಿ ಸವೆದಿದೆಯೋ ಅಥವಾ ಕಟ್‌ನ ಆಳದ ಗೆರೆಯಲ್ಲಿ ಇಲಿ ಕಡಿದಂತೆ ಕಚ್ಚು ಬಿದ್ದಿದೆಯೋ?

ಪ್ರಶ್ನೆ: ನೋಡಿದೆ ಸರ್. ಮೂತಿ ಚೆನ್ನಾಗಿಯೇ ಇದೆ. ಸ್ವಲ್ಪ ಮೇಲೆ ಆಳವಾದ ಕಚ್ಚು, ನಾಲ್ಕೂ ಇನ್ಸರ್ಟ್‌ಗಳಲ್ಲಿ ಒಂದೇ ಜಾಗದಲ್ಲಿ.

ಉತ್ತರ: ಹಾಗಾದರೆ ಕಾರಣ ಸಿಕ್ಕಿತು. ಟೂಲ್‌ನ ಪ್ರತಿ ಪಾಸ್ (ಒಂದು ಸಲದ ಓಟ) ತನ್ನ ಹಿಂದೆ ಗಡುಸಾದ ಸಿಪ್ಪೆಯೊಂದನ್ನು ಬಿಟ್ಟುಹೋಗುತ್ತದೆ. ಮುಂದಿನ ಪಾಸ್‌ನಲ್ಲಿ ಆ ಸಿಪ್ಪೆ ಅಂಚಿನ ಒಂದೇ ಬಿಂದುವನ್ನು ಉಜ್ಜುತ್ತದೆ. ಪಾಸ್‌ನಿಂದ ಪಾಸ್‌ಗೆ ಆಳವನ್ನು ಬದಲಿಸಿ. ಉಂಗುರದ ಆಕಾರ ಅವಕಾಶ ಕೊಟ್ಟರೆ ರಫಿಂಗ್‌ಗೆ (ಮೊದಲ ಒರಟು ಕಟ್‌ಗೆ) ದುಂಡು ಇನ್ಸರ್ಟ್ ಹಾಕಿ. ಎಷ್ಟೋ ಕಡೆ ಇಷ್ಟಕ್ಕೇ ಅಂಚಿನ ಬಾಳಿಕೆ ಹೆಚ್ಚುತ್ತದೆ.

ಅದೂ ಸಾಲದಿದ್ದರೆ ಸಿಯಾಲಾನ್ ಸಿರಾಮಿಕ್ ಇನ್ಸರ್ಟ್‌ನಲ್ಲಿ ನಿಮಿಷಕ್ಕೆ 200 ಮೀಟರ್ ಮತ್ತು ಅದಕ್ಕೂ ಮೇಲಿನ ವೇಗ ಪ್ರಯತ್ನಿಸಿ. ಆ ವೇಗದಲ್ಲಿ ಕಟ್‌ನಿಂದ ಹುಟ್ಟುವ ಬಿಸಿಯೇ ಮುಂದಿನ ಲೋಹವನ್ನು ಮೆತ್ತಗೆ ಮಾಡುತ್ತದೆ. ಲೇಸರ್ ಮಾಡುವ ಕೆಲಸವೂ ಅದೇ ತಾನೆ! ಆದರೆ ಲೇತ್ ಅಲುಗಾಡಬಾರದು, ಹಿಡಿತ ಗಟ್ಟಿಯಿರಬೇಕು, ಫಿನಿಶಿಂಗ್ ಕಾರ್ಬೈಡ್‌ನಲ್ಲೇ ಆಗಬೇಕು.

ಪ್ರಶ್ನೆ (ಎಂ.ಟೆಕ್ ವಿದ್ಯಾರ್ಥಿನಿ): ಹಾಗಾದರೆ ಲೇಸರ್‌ಗೆ ನಿಜವಾದ ಜಾಗ ಎಲ್ಲಿದೆ ಸರ್?

ಉತ್ತರ: ಸಿಲಿಕಾನ್ ನೈಟ್ರೈಡ್‌ನಂಥ ಸಿರಾಮಿಕ್‌ನಲ್ಲಿ ನೋಡಮ್ಮಾ. ನನಗೆ ಬಹಳ ಇಷ್ಟವಾದ ವಿಷಯ ಇದು. ತಣ್ಣಗಿದ್ದಾಗ ಅದಕ್ಕೆ ಟೂಲ್ ತಾಗಿಸಿದರೆ ಚೂರು ಸಿಡಿಯುತ್ತದೆ, ಬಿರುಕು ಬಿಡುತ್ತದೆ. ವಜ್ರದ ಚಕ್ರದಲ್ಲಿ ನಿಧಾನವಾಗಿ ಗ್ರೈಂಡ್ ಮಾಡುವುದೇ ರೂಢಿ. ಆದರೆ ಅದರ ಹರಳುಗಳ ನಡುವೆ ಗಾಜಿನಂಥ ತೆಳು ಪದರವಿದೆ. ಸುಮಾರು 1000 ಡಿಗ್ರಿ ದಾಟಿದ ಮೇಲೆ ಆ ಗಾಜು ಮೆದುವಾಗಿ ಹರಳುಗಳು ಒಂದರ ಮೇಲೊಂದು ಜಾರುತ್ತವೆ. ಆಗ ಪುಡಿಯ ಬದಲು ಚಿಪ್ ಬರುತ್ತದೆ! ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಇದರ ಮೇಲೆ ವಿವರವಾದ ಕೆಲಸ ನಡೆದಿದೆ. ಏಕಾಏಕಿ ಕಾಯಿಸಿದರೆ ಒಡೆಯುತ್ತದೆಯಾದ್ದರಿಂದ, ತುಂಡನ್ನು ತಿರುಗಿಸುತ್ತಾ ಕ್ರಮೇಣ ಬಿಸಿ ಏರಿಸಿ, ಪೈರೋಮೀಟರ್‌ನಲ್ಲಿ (ಮುಟ್ಟದೆಯೇ ಬಿಸಿ ಅಳೆಯುವ ಉಪಕರಣ) ತಾಪ ನೋಡಿಕೊಂಡು, ಆಮೇಲೆ ಟೂಲ್ ಇಳಿಸಬೇಕು. ಟೂಲ್ ಸಿಬಿಎನ್ (ಕ್ಯೂಬಿಕ್ ಬೋರಾನ್ ನೈಟ್ರೈಡ್) ಇರಲಿ. ವಜ್ರ ಇಷ್ಟು ಕಾವು ತಡೆಯುವುದಿಲ್ಲ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಫೈಬರ್ ಲೇಸರ್ ಇದೆ. ವೆಲ್ಡಿಂಗ್ ಕನ್ನಡಕ ಸಾಕೇ?

ಉತ್ತರ: ಖಂಡಿತ ಸಾಲದು! ಫೈಬರ್ ಲೇಸರ್‌ನ ತರಂಗಾಂತರ ಸುಮಾರು 1.07 ಮೈಕ್ರಾನ್. ಕಿರಣ ಕಣ್ಣಿಗೆ ಕಾಣುವುದಿಲ್ಲ, ಆದರೆ ನೇರ ಅಕ್ಷಿಪಟಲಕ್ಕೆ ತಲುಪುತ್ತದೆ. ಹೊಳೆಯುವ ಜಾಬ್‌ನಿಂದ ಪ್ರತಿಫಲಿಸಿ ಬಂದದ್ದೂ ಕಣ್ಣು ಕಳೆಯಬಲ್ಲದು. ಆ ತರಂಗಾಂತರ ನಮೂದಿಸಿರುವ ಲೇಸರ್ ಕನ್ನಡಕವೇ ಬೇಕು. ಲೇತ್ ಸುತ್ತ ಮುಚ್ಚಿದ ಕವಚ, ಬಾಗಿಲು ತೆರೆದ ಕೂಡಲೇ ಕಿರಣ ನಿಲ್ಲುವ ಸ್ವಿಚ್ ಇರಬೇಕು. ಇವು ಕೂಡಿಬರುವವರೆಗೆ ಪ್ರಯೋಗ ಶುರು ಮಾಡಬೇಡಮ್ಮಾ. ನಿಮ್ಮ ಮಾರ್ಗದರ್ಶಕರಿಗೆ ಈ ಉತ್ತರವನ್ನೇ ತೋರಿಸು.