ಪುಟ್ಟಿಯ ತಲೆನೋವಿಗೆ ದೊಡ್ಡಮ್ಮ ಹೇಳುವುದು

ಪುಟ್ಟಿ, ಬೆಳಿಗ್ಗೆ ನಮ್ಮ ಮನೆಯವರ ಗ್ರೂಪಿನಲ್ಲಿ ನೀನು ಕೇಳಿದ್ದನ್ನು ಈಗ ನೋಡಿದೆ. ಮೈಗ್ರೇನ್ ತಿಂಗಳಿಗೆ ನಾಲ್ಕು ಸಲ ಬರುತ್ತಿದೆ, ಮೆಗ್ನೀಸಿಯಂ, ಬಿ ವಿಟಮಿನ್ ಮಾತ್ರೆ ಶುರು ಮಾಡಲಾ, ಭಯ ಆಗುತ್ತಿದೆ ಅಂದಿದ್ದೀಯ. ಟೈಪ್ ಮಾಡುತ್ತಾ ಕೂತರೆ ನನಗೆ ಸಂಜೆ ಆಗುತ್ತದೆ. ಮಾತಾಡಿಯೇ ಕಳಿಸುತ್ತೇನೆ, ಪೂರ್ತಿ ಕೇಳು. ಇದು ನಿನಗೆ ಎಲ್ಲಿಂದ ಬಂತು ಅಂತ ಹೇಳಬೇಕಿಲ್ಲ. ಅಜ್ಜಿಗಿತ್ತು, ನನಗಿದೆ, ನಿನ್ನಮ್ಮನಿಗೂ ಇದೆ.

ನನ್ನ ಕಾಲು ಮರಗಟ್ಟಿದ ವರ್ಷ ನೆನಪಿದೆ ಅಲ್ವಾ? ಅದು ವಯಸ್ಸಿನಿಂದ ಬಂದದ್ದಲ್ಲ, ವಿಟಮಿನ್‌ನಿಂದ ಬಂದದ್ದು. ತಲೆನೋವಿಗೆ ಅಂತ ಒಂದು ಡಬ್ಬಿ, ಸುಸ್ತಿಗೆ ಅಂತ ಒಂದು, ನರಕ್ಕೆ ಒಳ್ಳೆಯದು ಅಂತ ಇನ್ನೊಂದು. ಮೂರರಲ್ಲೂ ಬಿ6 ಇತ್ತು. ದಿನಕ್ಕೆ ಒಂದೂವರೆ ಮಿಲಿಗ್ರಾಂ ಸಾಕಾಗುವ ವಿಟಮಿನ್ ಅದು. ನನ್ನ ಹೊಟ್ಟೆಗೆ ದಿನಾ 200 ಮಿಲಿಗ್ರಾಂ ಹೋಗುತ್ತಿತ್ತು, ಒಂದು ವರ್ಷ. ಮೊದಲು ಬೆರಳ ತುದಿ ಜುಮುಜುಮು ಅಂತಿತ್ತು. ಆಮೇಲೆ ಹತ್ತಿಯ ಮೇಲೆ ನಡೆದ ಹಾಗೆ. ಒಂದು ದಿನ ಚಪ್ಪಲಿ ಕಾಲಿಂದ ಜಾರಿ ಹೋದದ್ದೂ ಗೊತ್ತಾಗಲಿಲ್ಲ, ಬರಿಗಾಲಲ್ಲೇ ಮನೆಗೆ ಬಂದೆ. ಡಾಕ್ಟರ್ ಮೂರೂ ಡಬ್ಬಿ ತರಿಸಿ, ಹಾಳೆಯ ಮೇಲೆ ಬರೆದು ಕೂಡಿಸಿದರು. ನಿಲ್ಲಿಸಿದ ಮೇಲೂ ಪಾದ ಸರಿಹೋಗಲು ಎಂಟು ತಿಂಗಳು ಹಿಡಿಯಿತು. ನರಕ್ಕೆ ಅಂತ ನುಂಗಿದ್ದೇ ನರ ಕೆಡಿಸಿತು. ಡಬ್ಬಿ ಮೇಲೆ ಡಬ್ಬಿ ಸೇರಿಸಬೇಡ ಪುಟ್ಟಿ.

ಅಷ್ಟೊಂದು ಯಾಕೆ ನುಂಗಿದೆ ಅಂತ ಆಗ ಎಲ್ಲರೂ ಬೈದಿರಿ. ನಾನು ಕತ್ತಲೆ ಕೋಣೆಯಲ್ಲಿ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಮಲಗಿದ್ದಾಗ, "ಕೆಲಸ ಬಂದಾಗಲೇ ಇವಳಿಗೆ ತಲೆನೋವು" ಅಂದವರು ಈ ಗ್ರೂಪಿನಲ್ಲೇ ಇದ್ದೀರಿ. ಜ್ವರ ಆದರೆ ಮುಟ್ಟಿ ನೋಡುತ್ತೀರಿ. ಇದು ಕೈಗೆ ಸಿಗಲ್ಲ, ಅದಕ್ಕೆ ಸುಳ್ಳು. ಒಬ್ಬರಾದರೂ ನಂಬಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದರೆ, ನಾನು ಯಾರಿಗೂ ಹೇಳದೆ ಡಬ್ಬಿ ತರಿಸಿಕೊಳ್ಳುತ್ತಿರಲಿಲ್ಲ. ಇಪ್ಪತ್ತು ವರ್ಷ ಆಯಿತು, ಆ ಮಾತಿನ ನೋವು ಇನ್ನೂ ಇದೆ ನನಗೆ. ಈ ಮಗುವಿಗಾದರೂ ಹಾಗೆ ಅನ್ನಬೇಡಿ.

ಅಯ್ಯೋ, ನೀನು ಕೇಳಿದ್ದನ್ನೇ ಬಿಟ್ಟೆ. ತಗೋಬಹುದು, ಡಾಕ್ಟರನ್ನು ಒಂದು ಮಾತು ಕೇಳಿ. ಮೈಗ್ರೇನ್‌ಗೆ ಹೇಳುವುದು ಬಿ2, ರೈಬೋಫ್ಲೇವಿನ್, ದಿನಕ್ಕೆ 400 ಮಿಲಿಗ್ರಾಂ. ಬಿ6 ಅಲ್ಲ. ಬರೀ ಬಿ2 ಇರುವುದನ್ನೇ ಕೇಳಿ ತಗೋ. ಮೂತ್ರ ಗಾಢ ಹಳದಿ ಆಗುತ್ತದೆ, ಹೆದರಬೇಡ. ಮೆಗ್ನೀಸಿಯಂ ಜಾಸ್ತಿಯಾದರೆ ಭೇದಿ ಆಗುತ್ತದೆ, ಆಗ ಕಡಿಮೆ ಮಾಡು. ಕಿಡ್ನಿ ತೊಂದರೆ ಇರುವವರು ಡಾಕ್ಟರ್ ಹೇಳದೆ ಮುಟ್ಟಲೇಬಾರದು. ನೋವು ಬಂದ ದಿನ ಮಾತ್ರ ನುಂಗಿದರೆ ಪ್ರಯೋಜನ ಇಲ್ಲ. ದಿನಾ ತಗೋಬೇಕು, ಮೂರು ತಿಂಗಳಾದರೂ ನೋಡಬೇಕು. ನೋವು ಬಂದ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕು. ನಿನ್ನಮ್ಮನೂ ಶುರು ಮಾಡಿದರೆ, ಥೈರಾಯ್ಡ್ ಮಾತ್ರೆಗೂ ಮೆಗ್ನೀಸಿಯಂಗೂ ನಾಲ್ಕು ಗಂಟೆ ಅಂತರ ಇರಲಿ.

ಮತ್ತೆ ಹೇಳುತ್ತಿದ್ದೇನೆ, ಡಬ್ಬಿ ಮೇಲೆ ಡಬ್ಬಿ ಬೇಡ. ಈಗ ಮನೆಯಲ್ಲಿ ಏನೇನಿದೆಯೋ ಅದರ ಹಿಂದಿನ ಚೀಟಿಯ ಫೋಟೋ ತೆಗೆದು ಕಳಿಸು. ನಾನೇ ಕೂಡಿಸಿ ನೋಡುತ್ತೇನೆ.