ವಕೀಲರನ್ನು ಕೇಳಿ: ಸ್ಪ್ಯಾಮ್ ಮೇಲ್ ಕಳಿಸುವವರಿಗೆ ಶಿಕ್ಷೆ ಇದೆಯಾ?

ಗಿರೀಶ್: ಸಾರ್, ಕೇಳದೇ ಇರೋ ಜಾಹೀರಾತು ಮೇಲ್ ರಾಶಿ ಬೀಳುತ್ತಿವೆ. ಕಳಿಸುವವರ ಮೇಲೆ ಕೇಸ್ ಹಾಕಬಹುದಾ?

ವಕೀಲರು: ಬರೀ ಜಾಹೀರಾತು ಮೇಲ್ ಕಳಿಸಿದ್ದಕ್ಕೆ ಶಿಕ್ಷೆ ಕೊಡುವ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. ಮೋಸ, ವೈರಸ್ ಇದ್ದರೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆ ಇದೆ.

ನಾಗೇಶ್: ಒಂದು ಫಾರ್ವರ್ಡ್ ಬಂದಿದೆ: "ಸ್ಪ್ಯಾಮ್‌ಗೆ 'ಸೆಕ್ಷನ್ 66ಎ, 3 ವರ್ಷ ಜೈಲು' ಅಂತ ಉತ್ತರ ಬರೆಯಿರಿ, ಮತ್ತೆ ಬರಲ್ಲ."

ವಕೀಲರು: ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲೇ ರದ್ದು ಮಾಡಿದೆ. ಉತ್ತರ ಬರೆದರೆ ಈ ವಿಳಾಸ ಬಳಕೆಯಲ್ಲಿದೆ ಅಂತ ಅವರಿಗೆ ಗೊತ್ತಾಗುತ್ತದೆ, ಇನ್ನೂ ಜಾಸ್ತಿ ಬರುತ್ತವೆ. ದಯವಿಟ್ಟು ಇದನ್ನು ಹಂಚಬೇಡಿ.

ಸುಮಾ: ಸಾರ್, ನನ್ನ ತಮ್ಮನಿಗೆ ಮನೆಯಿಂದಲೇ ಮೇಲ್ ಕಳಿಸುವ ಕೆಲಸ ಸಿಕ್ಕಿದೆ. ವಿಳಾಸದ ಪಟ್ಟಿ, ಒಕ್ಕಣೆ ಎಲ್ಲ ಅವರೇ ಕೊಡುತ್ತಾರೆ. "ನಿಮ್ಮ ಸಾಲ ಮಂಜೂರಾಗಿದೆ, ರಾತ್ರಿ 8ರೊಳಗೆ ಶುಲ್ಕ ಕಟ್ಟಿ" ಅಂತಿದೆ. ಕೆಳಗೆ ಬ್ಯಾಂಕ್ ಮ್ಯಾನೇಜರ್ ಹೆಸರು. ಅವನಿಗೇನಾದರೂ ತೊಂದರೆಯಾಗುತ್ತಾ?

ವಕೀಲರು: ಸುಮಾ ಅವರೇ, ಇದು ಬರೀ ಸ್ಪ್ಯಾಮ್ ಅಲ್ಲ, ವಂಚನೆ. ಕಂಪ್ಯೂಟರ್ ಬಳಸಿ ಬೇರೆಯವರ ಸೋಗಿನಲ್ಲಿ ಮೋಸ ಮಾಡಿದರೆ ಅದೇ ಕಾಯ್ದೆಯ ಸೆಕ್ಷನ್ 66ಡಿ ಬೀಳುತ್ತದೆ. 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ದುಡ್ಡು ಕಳಕೊಂಡವರು ದೂರು ಕೊಟ್ಟರೆ ಪೊಲೀಸರು ಮೇಲ್ ಎಲ್ಲಿಂದ ಹೋಯಿತು ಅಂತ ಹುಡುಕುತ್ತಾರೆ. ಆಗ ಸಿಗೋದು ನಿಮ್ಮ ತಮ್ಮನ ಖಾತೆ, ನಿಮ್ಮ ಮನೆಯ ಇಂಟರ್ನೆಟ್. ಕೆಲಸ ಕೊಟ್ಟವನ ನಿಜವಾದ ಹೆಸರೂ ಹುಡುಗನಿಗೆ ಗೊತ್ತಿರಲಿಕ್ಕಿಲ್ಲ. "ನನಗೆ ತಿಳಿದಿರಲಿಲ್ಲ" ಅನ್ನೋದು ಇಲ್ಲಿವರೆಗೆ ನಿಜವೇ ಇರಬಹುದು. ಅನುಮಾನ ಬಂದ ಮೇಲೂ ಕಳಿಸಿದರೆ ಆ ಮಾತು ನಿಲ್ಲುವುದು ಕಷ್ಟ. ಇವತ್ತೇ ನಿಲ್ಲಿಸಲಿ. ಆದರೆ ಏನನ್ನೂ ಅಳಿಸಬಾರದು. ಚಾಟ್, ಪಟ್ಟಿ, ಸಂಬಳ ಬಂದ ದಾಖಲೆ ಎಲ್ಲ ಹಾಗೇ ಇರಲಿ. ಅದನ್ನು ತಗೊಂಡು ಒಬ್ಬ ವಕೀಲರನ್ನು ನೇರವಾಗಿ ಕಾಣಿ.

ಗಿರೀಶ್: ಅಮೆರಿಕದಲ್ಲಾಗಿದ್ದರೆ ಒಂದೊಂದು ಮೇಲ್‌ಗೂ ಜೈಲು.

ಫಾತಿಮಾ: ಜೈಲಲ್ಲ, ದಂಡ. 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಓದಿ.

ಗಿರೀಶ್: ಒಬ್ಬನಿಗೆ 9 ವರ್ಷ ಕೊಟ್ಟಿದ್ದರಲ್ಲ?

ಫಾತಿಮಾ: ಜೆರೆಮಿ ಜೇನ್ಸ್. ಅದು ವರ್ಜೀನಿಯಾ ರಾಜ್ಯದ ಕಾನೂನು. 2008ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟೇ ಅದನ್ನು ಹೊಡೆದುಹಾಕಿತು. ಅರ್ಧ ಓದಿ ಬರೆಯಬೇಡಿ.

ಗಿರೀಶ್: ನಿಮ್ಮನ್ನ ಯಾರು ಕೇಳಿದ್ರು? ನೀವೇನು ವಕೀಲರಾ?

ಮಂಜುಳಾ: ಎಸ್ಸೆಮ್ಮೆಸ್‌ಗೂ ಇದೇ ಕಾನೂನಾ ಸಾರ್?

ವಕೀಲರು: ಗಿರೀಶ್, ಫಾತಿಮಾ, ಇಬ್ಬರದೂ ಅರ್ಧ ಸರಿ. ಅಮೆರಿಕದಲ್ಲಿ ದಂಡ ಒಂದು ಮೇಲ್‌ಗೆ 50 ಸಾವಿರ ಡಾಲರ್ ದಾಟಬಹುದು. ಮೂಲ ಮರೆಮಾಚಿ ರಾಶಿಗಟ್ಟಲೆ ಕಳಿಸಿದರೆ ಜೈಲೂ ಇದೆ. ಜಗಳ ಸಾಕು.

ನಾಗೇಶ್: ಹಾಗಾದ್ರೆ 66ಎ ಹಾಕಿ ದೂರು ಕೊಡಬಹುದಲ್ವಾ?

ವಕೀಲರು: ಮೇಲೆ ಓದಿ.

ವಕೀಲರು: ಸುಮಾ ಅವರೇ, ತಮ್ಮ ನಿಲ್ಲಿಸಿದನಾ?

ಸುಮಾ: ಈಗ ತಾನೇ ಅವನ ಕೈಯಿಂದ ಲ್ಯಾಪ್‌ಟಾಪ್ ತಗೊಂಡೆ ಸಾರ್. ಹೆದರಿಕೊಂಡು ಫಾರ್ಮ್ಯಾಟ್ ಮಾಡೋಕೆ ಕೂತಿದ್ದ.

ವಕೀಲರು: ಬೇಡ. ಹಾಗೇ ಮುಚ್ಚಿ ಎತ್ತಿಡಿ.